ಕನ್ನಡಿಯಂಚಿನ ಕುಚ್ಚು

ಶಿಕಾರಿಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಗೂ ಹಿಟ್ಟಿನ ಗಿರಣಿಗೂ ನಡುವೆ, ನೀಲಾಂಬಿಕಳ ಬ್ಯೂಟಿ ಪಾರ್ಲರ್ ಇದೆ. ಬೋರ್ಡಿನ ಮೇಲೆ ಏನೋ ಇಂಗ್ಲಿಷ್ ಹೆಸರು ಬರೆಸಿದ್ದಾಳೆ. ಅದನ್ನು ಓದಿದವರು ಯಾರೂ ಇಲ್ಲ, ಊರಿಗೆ ಅದು ನೀಲಕ್ಕನ ಅಂಗಡಿ. ಕೂದಲಿಗೆ ಬಣ್ಣ ಹಾಕಿಸಬೇಕೆಂದು ಯಾರೇ ಮೆಟ್ಟಿಲು ಹತ್ತಲಿ, ಈಗ ನೀಲಕ್ಕ ಕೇಳುವ ಮೊದಲ ಮಾತು, "ಯಾವತ್ತಿಗೆ ಬೇಕ್ರೀ?" ಮೊದಲು ಹೀಗಿರಲಿಲ್ಲ. ಮೊದಲು, ಕುರ್ಚಿಯಲ್ಲಿ ಕೂರುವ ಮುಂಚೆಯೇ, ಠಾಣೆಯಲ್ಲಿ ವಿಚಾರಿಸಿದಂತೆ ಕೇಳುತ್ತಿದ್ದಳು: "ತಲಿಗೆ ಇಲ್ಲೀ ತನಕ ಏನೇನು ಹಚ್ಚೀರಿ? ಸುಳ್ಳು ಹೇಳ್ಬ್ಯಾಡ್ರಿ, ಕೂದ್ಲು ಹೇಳ್ತೈತಿ." ಈ ಎರಡು ಪ್ರಶ್ನೆಗಳ ನಡುವೆ ಒಂದು ವರ್ಷ ಕಳೆದುಹೋಯಿತು, ಅದರ ಜೊತೆಗೆ ನೀಲಕ್ಕನ ತಂಗಿಯೂ.

ನೀಲಕ್ಕನ ಕೈ ನಿಧಾನ. ಬೆಳಿಗ್ಗೆ ಬಂದು ಮಧ್ಯಾಹ್ನದೊಳಗೆ ಚಿನ್ನದ ಕೂದಲಿನವಳಾಗಿ ಬಸ್ಸು ಹತ್ತಬೇಕು ಎನ್ನುವ ಹುಡುಗಿಯರಿಗೆ ಅವಳನ್ನು ಕಂಡರೆ ಸಿಟ್ಟು. ಎರಡು ದಿನ ತಲೆಸ್ನಾನ ಮಾಡಬಾರದು, ತಲೆಯ ಜಿಡ್ಡೇ ತಲೆಗೆ ಕೊಡೆ ಅನ್ನುತ್ತಾಳೆ. ಹಿಂದಿನ ರಾತ್ರಿ ಒಂಚೂರು ಕೊಬ್ಬರಿ ಎಣ್ಣೆ ಸವರಿಕೊಂಡು ಬಾ ಅನ್ನುತ್ತಾಳೆ. ಹಣೆಯಂಚಿಗೆ, ಕಿವಿಯ ಮೇಲೆ, ಕತ್ತಿನ ಹಿಂದೆ ವ್ಯಾಸಲೀನು ಬಳಿಯುತ್ತಾಳೆ. ಬ್ಲೀಚಿನ ಲೇಪವನ್ನು ಬುಡಕ್ಕೆ ಕಟ್ಟಕಡೆಗೇ ಹಚ್ಚುವುದು, ಏಕೆಂದರೆ ನೆತ್ತಿಯ ಶಾಖಕ್ಕೆ ಅಲ್ಲಿ ಬೇಗ ಏರುತ್ತದೆ. ಲೇಪ ಒಣಗಲು ಬಿಡುವಂತಿಲ್ಲ, ಮೇಲೆ ಬಿಸಿಗಾಳಿ ಊದುವಂತಿಲ್ಲ. ಕಪ್ಪು ಕೂದಲನ್ನು ಒಂದೇ ಸಲಕ್ಕೆ ಬಂಗಾರ ಮಾಡುವ ಮಾತಂತೂ ಇಲ್ಲವೇ ಇಲ್ಲ. ಸ್ವಲ್ಪ ತಿಳಿಯಾಗಿಸಿ, ಎಣ್ಣೆ ಕುಡಿಸಿ, ಕೂದಲಿಗೆ ದಣಿವಾರಿಸಿಕೊಳ್ಳಲು ಬಿಟ್ಟು, ಮತ್ತೆ ಮುಂದಿನ ತಿಂಗಳು. ಯಾರಾದರೂ ಗೊಣಗಿದರೆ ಅವಳ ಬಾಯಲ್ಲಿ ಸಿದ್ಧವಾಗಿದ್ದ ಗಾದೆ ಒಂದೇ: "ತಾಳಿದವಳು ಬಾಳಿಯಾಳು ಕಣವ್ವ."

ಇದಕ್ಕೆಲ್ಲ ಮೊದಲು ಕುಚ್ಚು. ಕಿವಿಯ ಹಿಂದೆ, ಯಾರಿಗೂ ಕಾಣದ ಕಡೆಯಿಂದ, ಬುಡಕ್ಕೆ ಹತ್ತಿರವಾಗಿ ಒಂದು ಸಣ್ಣ ಕುಚ್ಚು ಕತ್ತರಿಸಿ, ದಾರ ಕಟ್ಟಿ, ಬಟ್ಟಲಿನಲ್ಲಿ ಬ್ಲೀಚು ಕಲಸಿ ಅದ್ದಿಡುತ್ತಾಳೆ. ಕುಚ್ಚು ಒಪ್ಪಿದರೆ ಮಾತ್ರ ತಲೆಗೆ. ಅಂಗಡಿ ತೆರೆದ ಹೊಸದರಲ್ಲಿ ತೊಗರ್ಸಿಯಿಂದ ಬಂದ ಒಬ್ಬ ಮದುಮಗಳು, ಏನೂ ಹಚ್ಚಿಲ್ಲ ಎಂದು ಆಣೆ ಇಟ್ಟು ಹೇಳಿದ್ದಳು. ಬಟ್ಟಲಿನಲ್ಲಿ ಅವಳ ಕುಚ್ಚು ಬಿಸಿಯಾಗಿ ಹೊಗೆಯಾಡಿ, ಬೆಂದ ಶಾವಿಗೆಯ ಹಾಗೆ ಮೆತ್ತಗಾಗಿ ಕೈಗೆ ಬಂತು. ಆಮೇಲೆ ಅತ್ತುಕೊಂಡು ಬಾಯಿಬಿಟ್ಟಳು: ಕಪ್ಪು ಮೆಹಂದಿ, ನಾಲ್ಕು ವರ್ಷದಿಂದ. ಕಿರಾಣಿ ಅಂಗಡಿಗಳಲ್ಲಿ ಸೋಪಿನ ಪಕ್ಕ ನೇತುಹಾಕಿರುತ್ತಾರಲ್ಲ, ಆ ಪುಟ್ಟ ಪೊಟ್ಟಣ. ಹೆಸರಿಗೆ ಮೆಹಂದಿ, ಒಳಗೇನಿದೆಯೋ ಮಾಡಿದವನೇ ಬಲ್ಲ. ಅದರ ಮೇಲೆ ಬ್ಲೀಚು ಬಿದ್ದರೆ ಕೂದಲು ಉಳಿಯುವುದಿಲ್ಲ. ಒಂದು ಕುಚ್ಚು ಹೋಗಿ ಒಂದು ತಲೆ ಉಳಿಯಿತು ಎಂದು ಆ ಹುಡುಗಿಯ ತಾಯಿ ನೀಲಕ್ಕನ ಕೈ ಹಿಡಿದುಕೊಂಡಿದ್ದಳು. ಆವತ್ತಿನಿಂದ ಕುಚ್ಚಿಲ್ಲದೆ ನೀಲಕ್ಕ ಯಾರ ತಲೆಯನ್ನೂ ಮುಟ್ಟಿದ್ದಿಲ್ಲ.

ಪರೀಕ್ಷೆ ಮುಗಿದ ಕುಚ್ಚನ್ನು ತೊಳೆದು, ಒಣಗಿಸಿ, ಹೆಸರು ಬರೆದ ಟೇಪಿನಿಂದ ಕನ್ನಡಿಯ ಅಂಚಿಗೆ ಅಂಟಿಸುತ್ತಾಳೆ. ಆ ತಲೆಯ ಕೆಲಸ ಮುಗಿದ ದಿನ ಕಿತ್ತು ಎಸೆಯುತ್ತಾಳೆ. ಹಾಗಾಗಿ ಕನ್ನಡಿಯಂಚಿನಲ್ಲಿ ಉಳಿದಿರುವುದೆಲ್ಲ ಬಾಕಿ ಇರುವ ಕೆಲಸ.

ಮಾಲಾ ನೀಲಕ್ಕನ ಒಬ್ಬಳೇ ತಂಗಿ. ಬಂದಳಿಕೆ ಎಂಬ ಹಳ್ಳಿಯ ಬೆನಕಪ್ಪನ ಮಕ್ಕಳು ಇಬ್ಬರೂ. ತಾಯಿ ತೀರಿಹೋದಾಗ ಮಾಲಾ ಇನ್ನೂ ಶಾಲೆಗೆ ಸೇರಿರಲಿಲ್ಲ, ನೀಲಕ್ಕ ಜಡೆ ಹೆಣೆಯಲು ಕಲಿತದ್ದೇ ಆ ತಲೆಯ ಮೇಲೆ. ಹಾಳುಬಿದ್ದ ಗುಡಿಯ ಕಟ್ಟೆಯ ಮೇಲೆ ತಂಗಿಯನ್ನು ಮೊಣಕಾಲ ನಡುವೆ ಕೂರಿಸಿಕೊಂಡು, ಹೇನು ಹೆಕ್ಕಿ, ಎಣ್ಣೆ ಹಚ್ಚಿ, ಬಿಗಿಯಾಗಿ ಎರಡು ಜಡೆ. ಮಾಲಾ ಅಲುಗಿದರೆ ನೆತ್ತಿಗೊಂದು ಮೊಟಕು. ಚಳಿಗಾಲದಲ್ಲಿ ಅಪ್ಪ ಆಲೆಮನೆಯಿಂದ ಜೋನಿಬೆಲ್ಲ ತಂದರೆ, ಮಾಲಾ ಅದನ್ನು ದೋಸೆಗೆ ಸುರಿದುಕೊಳ್ಳುವ ಬದಲು ಗಾಜಿನ ಲೋಟಕ್ಕೆ ಹಾಕಿ ಬಿಸಿಲಿಗೆ ಹಿಡಿದು ನೋಡುತ್ತ ನಿಲ್ಲುತ್ತಿದ್ದಳು. "ಅಕ್ಕಾ, ಒಳಗ ದೀಪ ಹಚ್ಯಾರೆ!" ಎನ್ನುತ್ತಿದ್ದಳು. ಇರುವೆ ಮುತ್ತುತ್ತವೆ, ಬೇಗ ತಿನ್ನು ಎಂದು ನೀಲಕ್ಕ ಗದರುತ್ತಿದ್ದಳು. ಸ್ವಭಾವ ಹುಟ್ಟಿನಿಂದ ಬಂದದ್ದು: ಒಬ್ಬಳು ನೋಡುವವಳು, ಇನ್ನೊಬ್ಬಳು ಕಾಯುವವಳು.

ಮಾಲಾಳನ್ನು ಸೊರಬ ತಾಲ್ಲೂಕಿನ ಜಡೆ ಎಂಬ ಊರಿಗೆ ಕೊಟ್ಟರು. ಗಂಡ ತೀರ್ಥೇಶ್ ಗದ್ದೆ ಮಾಡಿಕೊಂಡಿದ್ದ ಮಿತಭಾಷಿ, ಒಳ್ಳೆಯವನು. ಅತ್ತೆ ಶೇಷಮ್ಮ ಮಾತ್ರ ಕಡ್ಡಿ ಮುರಿದಂತೆ ಮಾತಾಡುವ ಹೆಂಗಸು. ಸೊಸೆ ತಲೆ ಬಿಚ್ಚಿಕೊಂಡು ಹೊಸಿಲು ದಾಟಬಾರದು, ಕತ್ತರಿ ಸೋಕಿಸಬಾರದು, ಸೆರಗು ಜಾರಬಾರದು. ಮೂವತ್ತಕ್ಕೇ ಮಾಲಾಳ ಬೈತಲೆಯಲ್ಲಿ ನರೆ ಕಾಣಿಸಿಕೊಂಡಾಗ ಊರ ಎಲ್ಲ ಹೆಂಗಸರ ಹಾಗೆ ಅವಳೂ ಹಬ್ಬದ ಹಿಂದಿನ ದಿನ ಅದೇ ಪುಟ್ಟ ಪೊಟ್ಟಣ ಕಲಸಿ ಹಚ್ಚಿಕೊಳ್ಳಲು ಶುರು ಮಾಡಿದಳು. ಊರಿಗೆಲ್ಲ ಬೇಡ ಎನ್ನುವ ನೀಲಕ್ಕನ ಸ್ವಂತ ತಂಗಿ! ಹೇಳಿದರೆ ಅಕ್ಕ ಬಿಡುವುದಿಲ್ಲ ಎಂದು ಹೇಳಿರಲಿಲ್ಲ, ಅಷ್ಟೆ.

ಆ ವರ್ಷ ದಸರೆ ಕಳೆದ ಮೇಲೆ ಒಂದು ಮಂಗಳವಾರ ಮಾಲಾ ಶಿಕಾರಿಪುರಕ್ಕೆ ಬಂದಳು. ಮಂಗಳವಾರ ನೀಲಕ್ಕ ಅಂಗಡಿ ಮುಚ್ಚುತ್ತಾಳೆ. ಆ ದಿನ ಈ ಕಡೆ ಯಾರೂ ತಲೆಗೆ ಕತ್ತರಿ ಮುಟ್ಟಿಸುವುದಿಲ್ಲ, ಮುತ್ತೈದೆಯರಂತೂ ಕೇಳಲೇಬೇಡಿ. ಯಾರೂ ಇರುವುದಿಲ್ಲ ಎಂದೇ ಮಾಲಾ ಆ ದಿನ ಆರಿಸಿಕೊಂಡಿದ್ದಳು.

ಓದುವವರಿಂದ ಮುಚ್ಚಿಡುವುದೇನಿದೆ? ಮಾಲಾಳ ಎಡಗಡೆ ಎದೆಯಲ್ಲಿ ಗಂಟಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಅದು ಏನೆಂದು ಹಿಂದಿನ ವಾರವೇ ಹೇಳಿದ್ದರು. ಕೀಮೋ ಶುರುವಾದರೆ ಕೂದಲು ಉದುರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದು ಅಲ್ಲಿನ ನರ್ಸ್ ಹೇಳಿದ್ದಳು. ನೀಲಕ್ಕನ ಮಗಳು ಶೃತಿಯ ಮದುವೆ ಕಾರ್ತಿಕದಲ್ಲಿ ಗೊತ್ತಾಗಿತ್ತು. ಚಪ್ಪರ ಏಳುವ ಮನೆಗೆ ಕೆಟ್ಟ ಸುದ್ದಿ ಒಯ್ಯಬಾರದು ಎಂದು ಗಂಡ ಹೆಂಡತಿ ಇಬ್ಬರೂ ಮಾತಾಡಿಕೊಂಡು ಬಾಯಿ ಹೊಲಿದುಕೊಂಡಿದ್ದರು. ಮದುವೆಯ ಮರುವಾರ ಆಸ್ಪತ್ರೆಗೆ ಸೇರುವುದೆಂದು ಆಗಿತ್ತು. ಅಷ್ಟರೊಳಗೆ ಮಾಲಾಳಿಗೆ ಬೇಕಿದ್ದದ್ದು ಒಂದೇ. ಕೂದಲು ಹೋಗುವ ಮುಂಚೆ, ಒಂದೇ ಒಂದು ಸಲ, ಅದಕ್ಕೆ ಬಣ್ಣ.

ನೀಲಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ.

ಅಂಗಡಿಯ ಷಟರನ್ನು ಅರ್ಧ ಎತ್ತಿ ಇಬ್ಬರೂ ಒಳಗೆ ಕೂತರು. ಮಾಲಾ ಬಣ್ಣಗಳ ಮಾದರಿ ಪುಸ್ತಕ ತಿರುವಿಹಾಕಿ ಒಂದು ಕಡೆ ಬೆರಳಿಟ್ಟಳು. "ಇದು. ಜೋನಿಬೆಲ್ಲ ಬಿಸಿಲಿಗೆ ಹಿಡಿದ ಹಂಗೆ ಐತೆ ನೋಡು. ನಂಗಿದು ಹಾಕು."

ನೀಲಕ್ಕ ನಕ್ಕುಬಿಟ್ಟಳು. "ಎಲಾ ಇವಳ! ನಿಮ್ಮತ್ತಿ ಏನಂತಾರ?"

"ಅವ್ರು ಅನ್ನೋದು ಅಂದ್ಕೊಳ್ಲಿ ಬಿಡು ಮಾರಾಯ್ತಿ. ನಂಗೂ ನಲವತ್ತೆರಡಾತು."

"ತಲಿಗೆ ಏನು ಹಚ್ಚೀದಿ?"

ಮಾಲಾ ನೆಲ ನೋಡಿದಳು. ನೀಲಕ್ಕ ಅವಳ ತುರುಬು ಬಿಚ್ಚಿ ಕೈಯಾಡಿಸಿದಳು. ಹೇಳುವುದೇ ಬೇಕಿರಲಿಲ್ಲ. ಕೂದಲು ತೆಂಗಿನ ನಾರಿನಂತೆ ಬಿರುಸಾಗಿತ್ತು, ಬುಡದಲ್ಲಿ ಎರಡು ಬೆರಳಗಲ ಮಾತ್ರ ತನ್ನ ಸಹಜ ಮೃದುತನದಲ್ಲಿ ನರೆ ಕಪ್ಪು ಬೆರೆತು ಹೊಸದಾಗಿ ಬೆಳೆದಿತ್ತು. "ಕಪ್ಪು ಮೆಹಂದಿ! ನನ್ನ ತಂಗಿ ಆಗಿ! ಅದೂ ಹಚ್ಚಿ ನಾಕು ತಿಂಗಳಾಗೈತಿ. ಅದನ್ನಾದ್ರೂ ನೆಟ್ಟಗ ಹಚ್ಚಬಾರದೇನೆ ಸೋಮಾರಿ?" ಎಂದು ಬೈದಳು. ಹಬ್ಬಕ್ಕೂ ತಲೆ ಕಡೆ ಗಮನ ಕೊಡದಷ್ಟು ತಂಗಿಗೆ ಏನಾಗಿತ್ತು ಎಂದು ಕೇಳಲು ಅವಳಿಗೆ ಹೊಳೆಯಲಿಲ್ಲ. ಕೂದಲು ಎಲ್ಲ ಹೇಳುತ್ತದೆ ಎನ್ನುತ್ತಿದ್ದವಳು ಆವತ್ತು ಅರ್ಧ ಮಾತ್ರ ಓದಿದಳು.

"ಕುಚ್ಚು ನೋಡಣ ಅಂದ್ರ ಇವತ್ತು ಮಂಗಳವಾರ. ಕತ್ತರಿ ಹಾಕಂಗಿಲ್ಲ. ನಾಳೆ ತನಕ ಇರು."

"ನಾಳೆ ಆಗಲ್ಲ ಅಕ್ಕ. ಹಾಕು ಕತ್ತರಿ. ಎಂತದೂ ಆಗಲ್ಲ."

ಮನಸ್ಸಿಲ್ಲದ ಮನಸ್ಸಿನಿಂದ ನೀಲಕ್ಕ ತಂಗಿಯ ಕಿವಿಯ ಹಿಂದಿನಿಂದ ಕುಚ್ಚು ಕತ್ತರಿಸಿದಳು. ಬಟ್ಟಲಿಗೆ ಅದ್ದಿಟ್ಟು ಇಬ್ಬರೂ ಕಾದರು. ತೆಗೆದು ತೊಳೆದಾಗ ಅಂದುಕೊಂಡದ್ದೇ ಆಯಿತು. ಮೆಹಂದಿ ಹಚ್ಚಿದ್ದ ಭಾಗ ಹಸಿರು ಬೂದಿಯ ಬಣ್ಣಕ್ಕೆ ತಿರುಗಿ, ಎಳೆದರೆ ರಬ್ಬರಿನಂತೆ ಜಗ್ಗಿ ತುಂಡಾಯಿತು. ದಾರ ಕಟ್ಟಿದ್ದ ಬುಡದ ಎರಡು ಬೆರಳಗಲ ಮಾತ್ರ ಉಳಿಯಿತು. ಅದು ಮಾತ್ರ ತಿಳಿಯಾಗಿ, ನುಣುಪಾಗಿ ಬಂದಿತ್ತು. ಅದಕ್ಕೆ ಬಣ್ಣ ಸವರಿ, ಆರಿಸಿ, ಷಟರಿನ ಕೆಳಗಿನಿಂದ ಬರುತ್ತಿದ್ದ ಬಿಸಿಲಿಗೆ ಹಿಡಿದಳು. ಥೇಟು ಜೋನಿಬೆಲ್ಲ.

ಮಾಲಾ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಒಳಗೆ ದೀಪ ಹಚ್ಯಾರೆ" ಅಂದಳು. ಆಮೇಲೆ ತಲೆ ಎತ್ತಿ, "ಹಾಕಿಬಿಡು ಅಕ್ಕ. ಸುಟ್ರೆ ಸುಡ್ಲಿ."

"ಹುಚ್ಚಿ ಹಂಗ ಮಾತಾಡ್ಬ್ಯಾಡ. ಇಷ್ಟುದ್ದ ಕೂದ್ಲು, ನಾನೇ ಬೆಳೆಸಿದ್ದು."

"ಹಂಗಾರೆ ಕತ್ತರಿಸಿಬಿಡು. ಈ ಎರಡು ಬೆರಳು ಚೆನ್ನಾಗೈತಲ್ಲ, ಅಷ್ಟು ಉಳಿಸಿ ಉಳಿದದ್ದು ತೆಗೆದುಬಿಡು. ಅಷ್ಟಕ್ಕೇ ಹಾಕು."

ಈ ಮಾತನ್ನು ನೀಲಕ್ಕ ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ. ಆ ದಾರಿಯೊಂದಿತ್ತು. ಕೂದಲಿಗೆ ಯಾವ ಕೇಡೂ ಇಲ್ಲದ, ಅವಳ ಯಾವ ನಿಯಮವನ್ನೂ ಮುರಿಯದ ದಾರಿ. ಕುಚ್ಚೇ ಒಪ್ಪಿತ್ತು. ಒಪ್ಪದವಳು ನೀಲಕ್ಕ. "ತಲೆ ಕೆಟ್ಟೈತೇನೆ? ಇನ್ನೇನು ಶೃತಿ ಮದುವಿ. ಚಿಕ್ಕಮ್ಮ ಆದವಳು ಗಂಡುಗೂದ್ಲು ಮಾಡ್ಕಂಡು, ಅದಕ್ಕ ಕೆಂಪು ಬಣ್ಣ ಹಚ್ಕಂಡು ಧಾರೆಗೆ ನಿಂತ್ರ ಬೀಗ್ರು ಏನಂತಾರೆ? ಜನ ಏನಂತಾರೆ?"

ಜನ! ಜನಕ್ಕೇನು, ಉದ್ದ ಜಡೆಗೂ ಮಾತಾಡುತ್ತಾರೆ, ಬೋಳು ತಲೆಗೂ ಮಾತಾಡುತ್ತಾರೆ. ಆದರೆ ಮದುವೆಯ ಮನೆಯ ಹೆಣ್ಣು ಹೆತ್ತವಳಿಗೆ ಅದು ತಿಳಿಯುವುದಿಲ್ಲ.

"ಮದುವಿ ಮುಗೀಲಿ," ಅಂದಳು ನೀಲಕ್ಕ ಮೆತ್ತಗಾಗಿ. "ಆ ಪೊಟ್ಟಣ ಮುಟ್ಟಬ್ಯಾಡ. ಬುಡದಿಂದ ಬೆಳ್ಕೋಂತ ಬರ್ಲಿ, ನಾನು ತುದಿ ತುದಿ ಕತ್ತರಿಸ್ಕೋಂತ ಬರ್ತೀನಿ. ಯುಗಾದಿಗೆ ಕಿವಿ ಮುಚ್ಚೋವಷ್ಟು ಬರ್ತೈತಿ. ಒಂದು ಕೂದ್ಲೂ ಹಾಳಾಗದಂಗ ನಾನು ಹಾಕಿಕೊಡ್ತೀನಿ. ತಾಳಿದವಳು ಬಾಳಿಯಾಳು ಕಣೆ ಮಾಲಿ."

ಮಾಲಾ ಬಾಯಿ ತೆರೆದಳು. ಹೇಳಿಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ಶೃತಿಯ ಫೋನು ಬಂತು, ರವಿಕೆಯ ತೋಳು ಗಿಡ್ಡವಾಯಿತೆಂದು ಅಳು. ನೀಲಕ್ಕ ಮಗಳನ್ನು ಸಮಾಧಾನ ಮಾಡಿ ತಿರುಗುವಷ್ಟರಲ್ಲಿ ಮಾಲಾ ಕಣ್ಣೊರೆಸಿಕೊಂಡು ಕುರ್ಚಿಗೆ ಒರಗಿದ್ದಳು. ತಂಗಿಗೆ ಬೇಜಾರಾಗಿದೆ, ರಮಿಸೋಣ ಎಂದು ನೀಲಕ್ಕ ಎಣ್ಣೆ ಬೆಚ್ಚಗೆ ಮಾಡಿ, ನೆತ್ತಿಗೆ ತಟ್ಟಿ, ಬಾಚಿ, ಚಿಕ್ಕಂದಿನ ಹಾಗೆ ಬಿಗಿಯಾಗಿ ಜಡೆ ಹಾಕಿದಳು. ಮಾಲಾ ಅಲ್ಲೇ ನಿದ್ದೆ ಹೋದಳು. ಕುಚ್ಚಿಗೆ ಹೆಸರು ಬರೆದು ನೀಲಕ್ಕ ಕನ್ನಡಿಯಂಚಿಗೆ ಅಂಟಿಸಿದಳು.

ಮದುವೆ ಚೆನ್ನಾಗಿಯೇ ಆಯಿತು. ಮಾಲಾ ಉದ್ದ ಜಡೆಗೆ ಮೊಳ ಮೊಳ ಮಲ್ಲಿಗೆ ಸುತ್ತಿಕೊಂಡು ಓಡಾಡಿ ಬಡಿಸಿದಳು. ಬೀಗರ ಕಡೆಯ ಹೆಂಗಸೊಬ್ಬಳು, "ನಿಮ್ಮ ತಂಗಿ ಕೂದ್ಲು ಎಷ್ಟು ಚಂದ್ರೀ" ಎಂದಾಗ ನೀಲಕ್ಕ ಬೀಗಿದ್ದೂ ಬೀಗಿದ್ದೇ.

ಶೃತಿ ತವರಿಗೆ ಬಂದು ಹೋಗುವ ಶಾಸ್ತ್ರವೂ ಮುಗಿದು ಕೆಲವು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ ತೀರ್ಥೇಶ್ ಅಂಗಡಿಯ ಹೊರಗೆ ಬಂದು ನಿಂತ. ಗಂಡಸರಿಗೆ ಪ್ರವೇಶವಿಲ್ಲ ಎಂದು ಬಾಗಿಲ ಮೇಲೆ ಬರೆದದ್ದನ್ನು ಅವನು ಅಕ್ಷರಶಃ ಪಾಲಿಸುವವನು. ಬಿಸಿಲಿನಲ್ಲೇ ನಿಂತು, "ಅತ್ತಿಗೀ, ಒಂದು ಮಾತಿತ್ತು" ಎಂದು ಕರೆದ. ಓಣಿಯಲ್ಲಿ, ಹಿಟ್ಟಿನ ಗಿರಣಿಯ ಸದ್ದಿನ ನಡುವೆ, ಅವನು ಹೇಳಿದ್ದು ಮೊದಲ ಸಲಕ್ಕೆ ಅವಳಿಗೆ ಕೇಳಿಸಲೇ ಇಲ್ಲ. ಎರಡನೆಯ ಸಲ ಅವನಿಗೆ ಹೇಳಲಾಗಲಿಲ್ಲ. ತನ್ನ ತಲೆಯನ್ನು ತಾನೇ ಮುಟ್ಟಿ ತೋರಿಸಿ, ಅಂಗೈ ತಿರುಗಿಸಿ, ಏನೂ ಇಲ್ಲ ಎಂದು ಕೈಸನ್ನೆ ಮಾಡಿದ.

ಕುರ್ಚಿಯಲ್ಲಿ ಕೂತಿದ್ದವಳ ತಲೆ ತೊಳೆದು ಕಳಿಸಿ ನೀಲಕ್ಕ ಸೊರಬದ ಬಸ್ಸು ಹತ್ತಿದಳು. ಕೆಲಸ ಅರ್ಧಕ್ಕೆ ಬಿಟ್ಟರೆ ಆ ಹೆಂಗಸಿನ ಕೂದಲು ಹಾಳಾಗುತ್ತದೆಂದು ಆ ಹೊತ್ತಿನಲ್ಲೂ ಕೈ ತಾನಾಗಿ ತೊಳೆದಿತ್ತು. ಅದನ್ನು ನೆನೆದರೆ ಅವಳಿಗೆ ಈಗಲೂ ತನ್ನ ಕೈಯ ಮೇಲೇ ಸಿಟ್ಟು ಬರುತ್ತದೆ.

ಜಡೆಯ ಮನೆಯಲ್ಲಿ ಮಾಲಾ ತಲೆಗೆ ತೆಳು ಪಂಚೆಯ ಬಟ್ಟೆ ಸುತ್ತಿಕೊಂಡು, ಕಿಟಕಿಯ ಪಕ್ಕ ಒರಗಿಕೊಂಡಿದ್ದಳು. ಹುಬ್ಬೂ ಉದುರಿ ಮುಖ ಮಗುವಿನ ಮುಖದಂತಾಗಿತ್ತು. ಅಕ್ಕನನ್ನು ನೋಡಿ, "ಬಾ. ಈಗ ಸುಡಾಕೆ ಎಂತದೂ ಇಲ್ಲ ನೋಡು" ಎಂದು ನಕ್ಕಳು.

ನೀಲಕ್ಕ ಅತ್ತಳು, ಬೈದಳು, ಮತ್ತೆ ಅತ್ತಳು. "ಒಂದು ಮಾತು ಹೇಳಬಾರದಾಗಿತ್ತೇನೆ? ಹೇಳಿದ್ರ ಹಾಕ್ತಿರಲಿಲ್ಲೇನೆ ನಾನು?"

"ಹಾಕ್ತಿದ್ದೆ. ಪಾಪ ಅಂತ ಹಾಕ್ತಿದ್ದೆ." ಮಾಲಾ ಬಟ್ಟೆಯ ಗಂಟು ಸರಿಮಾಡಿಕೊಂಡಳು. "ನಂಗೆ ಪಾಪ ಅಂತ ಬೇಡಿತ್ತು ಅಕ್ಕ. ಚಂದ ಕಾಣ್ತೈತೆ ಅಂತ ಹಾಕ್ಬೇಕಿತ್ತು ನೀನು."

ನೀಲಕ್ಕ ತಂಗಿಯ ಪಾದ ಒತ್ತುತ್ತ ಕೂತಳು. ಮಂಗಳವಾರ ಕತ್ತರಿ ಹಾಕಿದೆನಲ್ಲ, ಅದರಿಂದಲೇ ಹೀಗಾಯಿತೇನೋ ಎಂಬ ಮುಳ್ಳೊಂದು ಒಳಗೆ ಆಡುತ್ತಿತ್ತು. ಗಂಟು ಅದಕ್ಕೂ ಮುಂಚಿನದು ಎಂದು ಬುದ್ಧಿ ಹೇಳುತ್ತದೆ. ಬುದ್ಧಿಯ ಮಾತನ್ನು ಇಂಥ ಹೊತ್ತಿನಲ್ಲಿ ಯಾರು ಕೇಳುತ್ತಾರೆ?

ಹೊರಡುವಾಗ ಮಾಲಾ ಕೇಳಿದಳು. "ಆ ಕುಚ್ಚು ಐತಾ ಇನ್ನ?"

"ಐತಿ. ಕನ್ನಡಿ ಅಂಚಿಗೆ."

"ಇರ್ಲಿ. ತೆಗೀಬೇಡ."

ಚಳಿಗಾಲ ಕಳೆಯಿತು. ಕೀಮೋದ ಸರದಿಗಳು ಮುಗಿದವು, ಯುಗಾದಿಯೂ ಬಂದು ಹೋಯಿತು. ಬೇಸಗೆಯ ಕೊನೆಯಲ್ಲಿ ಮಾಲಾಳ ತಲೆಯ ಮೇಲೆ ಹೊಸ ಕೂದಲು ಬಂತು. ಎಳೆ ಮಗುವಿನ ಕೂದಲಿನಂತೆ ಮೆತ್ತಗೆ, ಬೆಳ್ಳಗೆ, ಬೆರಳಗಲ. ಪ್ರತಿ ಮಂಗಳವಾರ ಜಡೆಗೆ ಹೋಗುತ್ತಿದ್ದ ನೀಲಕ್ಕ ಅದರ ಮೇಲೆ ಅಂಗೈ ಆಡಿಸಿ ನೋಡಿದಳು. ಮೆಹಂದಿಯ ಸೋಂಕಿಲ್ಲ, ಹಳೆಯ ಯಾವ ಬಣ್ಣದ ಕಲೆಯೂ ಇಲ್ಲ. ಬಿಳಿಯ ಕೂದಲಾದ್ದರಿಂದ ಬ್ಲೀಚೇ ಬೇಕಿಲ್ಲ. ಬರೀ ಬಣ್ಣ ಸವರಿದರೆ ಸಾಕು, ಹಿಡಿದುಕೊಳ್ಳುತ್ತದೆ. ಜೀವಮಾನದಲ್ಲಿ ಅಂಥ ನಿರ್ಮಲವಾದ ತಲೆಯನ್ನು ಅವಳು ಕಂಡಿರಲಿಲ್ಲ. ಹೊಸ ಕೂದಲಿಗೆ ಇನ್ನೂ ಕೆಲವು ತಿಂಗಳು ಏನೂ ಹಚ್ಚಬೇಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ನೀಲಕ್ಕ, ಕಾಯಲು ಹುಟ್ಟಿದ ನೀಲಕ್ಕ, ಅಂದಳು: "ನಾಳೆನೇ ಬರ್ತೀನಿ. ಬಣ್ಣ ತರ್ತೀನಿ. ಚರ್ಮಕ್ಕೆ ಸೋಕದಂಗ ಕೂದ್ಲಿಗಷ್ಟೇ ಸವರ್ತೀನಿ. ಪಾಪ ಅಂತಲ್ಲ ಮಾಲಿ, ಖರೇನೂ ಚಂದ ಕಾಣ್ತೈತಿ."

ಮಾಲಾ ತಲೆಯಾಡಿಸಿದಳು. ಆ ದಿನಗಳಲ್ಲಿ ಅವಳಿಗೆ ಊಟ ಸೇರುತ್ತಿತ್ತು, ಅಂಗಳದವರೆಗೆ ನಡೆಯುತ್ತಿದ್ದಳು, ಮಳೆ ಬಿದ್ದ ಮೇಲೆ ಗದ್ದೆ ಬದುವಿಗೆ ಹೋಗುತ್ತೇನೆ ಎನ್ನುತ್ತಿದ್ದಳು. "ಬೇಡ. ಇನ್ನೊಂಚೂರು ಉದ್ದ ಆಗ್ಲಿ. ಗೌರಿ ಹಬ್ಬಕ್ಕೆ ಹಾಕು. ನೀನೇ ಅಂತೀಯಲ್ಲ, ತಾಳಿದವಳು ಬಾಳಿಯಾಳು ಅಂತ." ಅವಳು ಅದನ್ನು ಅಕ್ಕನ ದನಿಯಲ್ಲೇ ಅಣಕಿಸಿ ಹೇಳಿ ನಕ್ಕಳು. ಒಲೆಯ ಮುಂದಿದ್ದ ಶೇಷಮ್ಮನವರೂ ನಕ್ಕರು.

ನೀಲಕ್ಕ ಒತ್ತಾಯ ಮಾಡಲಿಲ್ಲ. ತಂಗಿಗೆ ಮುಂದಿನ ದಿನಗಳ ಮೇಲೆ ಆಸೆ ಬಂದಿದೆ, ಅದನ್ನು ಹೇಗೆ ಬೇಡ ಎನ್ನುವುದು? ಬಣ್ಣದ ಡಬ್ಬಿಯನ್ನು ಮಾತ್ರ ತಂದು ಅಂಗಡಿಯಲ್ಲಿ ಮೇಲಿನ ಹಲಗೆಯ ಮೇಲೆ ಇಟ್ಟಳು.

ಮಳೆ ಹಿಡಿಯುವ ಹೊತ್ತಿಗೆ ಮಾಲಾಳಿಗೆ ಬೆನ್ನು ನೋವು ಶುರುವಾಯಿತು. ರೋಗ ಮೂಳೆಗೆ ಇಳಿದಿತ್ತು, ಆಮೇಲೆ ಪಿತ್ತಜನಕಾಂಗಕ್ಕೆ. ಮತ್ತೆ ಔಷಧಿ ಕೊಟ್ಟರು, ಈ ಸಲ ಇನ್ನೂ ಖಾರವಾದದ್ದು. ಬೆರಳಗಲದ ಆ ಬಿಳಿ ಕೂದಲು ದಿಂಬಿನ ಮೇಲೆ ಉದುರಿತು. ತೀರ್ಥೇಶ್ ಅದನ್ನು ಒಂದೊಂದಾಗಿ ಆರಿಸುತ್ತ ಕೂತಿರುತ್ತಿದ್ದನಂತೆ. ಶ್ರಾವಣ ಮುಗಿಯುವ ಮುಂಚೆ, ಗೌರಿ ಹಬ್ಬಕ್ಕೆ ಇನ್ನೂ ದಿನಗಳಿರುವಾಗ, ಮಾಲಾ ಹೋದಳು.

ಸುದ್ದಿ ಬಂದಾಗ ಬೆಳಗಿನ ಜಾವ. ನೀಲಕ್ಕ ನೇರ ಬಸ್ ನಿಲ್ದಾಣಕ್ಕೆ ಹೋಗಲಿಲ್ಲ. ಓಣಿಗೆ ತಿರುಗಿ ಅಂಗಡಿಯ ಷಟರು ಎತ್ತಿದಳು. ಕನ್ನಡಿಯಂಚಿನ ಟೇಪು ವರ್ಷಕ್ಕೆ ಹತ್ತಿರವಾಗಿ ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದು ತೆಗೆಯಬೇಕಾಯಿತು. ಕುಚ್ಚನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡು ಹೊರಟಳು.

ಅವಳು ಹೋಗುವಷ್ಟರಲ್ಲಿ ಮೀಯಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮುತ್ತೈದೆ ಸಾವು, ಹಸಿರು ಸೀರೆ ಉಡಿಸಿದ್ದರು. ಹಣೆಗೆ ವಿಭೂತಿ, ನಡುವೆ ಕುಂಕುಮ. ಕೊರಳಲ್ಲಿ ಲಿಂಗ. ಹೆಂಗಸರು ಹೂವು ಹಿಡಿದುಕೊಂಡು ಗೊಂದಲದಲ್ಲಿ ನಿಂತಿದ್ದರು. ಮುತ್ತೈದೆಗೆ ಹೂವು ಮುಡಿಸದೆ ಕಳಿಸುವಂತಿಲ್ಲ, ಮುಡಿಸಲು ಕೂದಲಿಲ್ಲ. "ಸೆರಗಿಗೇ ಪಿನ್ನು ಹಾಕಿ ಸಿಗ್ಸಿಬಿಡ್ರೇ" ಎಂದು ನೆರೆಮನೆಯ ರಾಧಮ್ಮ ಹೇಳಿದಳು. ಹಾಗೇ ಮಾಡಿದರು. ಹೂವು ನಿಂತಿತು, ಆದರೆ ಬಟ್ಟೆಯ ಮೇಲೆ ನಿಂತ ಹೂವು ಯಾರದೋ ಅನ್ನಿಸುತ್ತಿತ್ತು.

ನೀಲಕ್ಕ ತಂಗಿಯ ಎದುರು ಮಂಡಿಯೂರಿ ಕೂತಳು. ಕರವಸ್ತ್ರ ಬಿಚ್ಚಿದಳು. ಸೆರಗನ್ನು ಹಣೆಯ ಮೇಲೆ ಸ್ವಲ್ಪ ಸರಿಸಿ, ಕುಚ್ಚಿನ ದಾರ ಕಟ್ಟಿದ ತುದಿಯನ್ನು ಒಳಗೆ ತೂರಿಸಿ, ಒಂದು ಪುಟ್ಟ ಪಿನ್ನಿನಿಂದ ಬಟ್ಟೆಗೆ ಸಿಕ್ಕಿಸಿದಳು. ಬಾಗಿಲಿನಿಂದ ಬೆಳಗಿನ ಬಿಸಿಲು ಅಲ್ಲಿಗೇ ಬೀಳುತ್ತಿತ್ತು. ವಿಭೂತಿಯ ಮೇಲೆ, ಎರಡು ಬೆರಳಗಲ, ಜೋನಿಬೆಲ್ಲದ ಬಣ್ಣ.

ವಿಧಿ ನಡೆಸಲು ಬಂದಿದ್ದ ಅಯ್ಯನವರು ಆ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ಎಲ್ಲರ ಕಣ್ಣೂ ಗೋಡೆಯ ಮೂಲೆಗೆ ಕುಸಿದು ಕೂತಿದ್ದ ಶೇಷಮ್ಮನವರ ಕಡೆಗೆ ಹೋಯಿತು. ಸೊಸೆಯ ತಲೆಗೆ ಇಪ್ಪತ್ತು ವರ್ಷ ಕತ್ತರಿ ಸೋಕಲು ಬಿಡದವರು. ನೀಲಕ್ಕ ಬೈಸಿಕೊಳ್ಳಲು ಸಿದ್ಧಳಾಗಿ ತಲೆ ತಗ್ಗಿಸಿದಳು. ಬೈದರೂ ತೆಗೆಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು.

ಮುದುಕಿ ಗೋಡೆ ಹಿಡಿದು ಎದ್ದರು. ಹತ್ತಿರ ಬಂದು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ನೀಲಕ್ಕನ ಭುಜದ ಮೇಲೆ ಕೈ ಊರಿ, ಎಲ್ಲರಿಗೂ ಕೇಳುವಂತೆ ಅಂದರು: "ಸೆರಗು ಇನ್ನೊಂಚೂರು ಹಿಂದೆ ಸರ್ಸು ತಾಯಿ. ಚಂದ ಐತೆ. ಕಾಣ್ಲಿ."